ಜಗಳಕ್ಕೊಂದು ಬಾಗಿಲು ಬೇಕು

ಬೆಳಕಿನ ಒಡೆಯರಾದ ವಾಸ್ತುಶಿಲ್ಪಿ ಶ್ರೀ ಟಾರ್ಕ್ವಿನ್ ವೆಂಡಲ್ ಅವರ ಸನ್ನಿಧಿಗೆ,

ಮಾನ್ಯರೇ,

ಲೀಡ್ಸ್ ನಗರದ ಸಾಲುಮನೆಯೊಂದರಿಂದ ಹಿಲ್ಡಾ ಕ್ರಾಬ್‌ಟ್ರೀ ಮಾಡುವ ನಮಸ್ಕಾರಗಳು. ವಿಕ್ಟೋರಿಯಾ ರಾಣಿಯ ಕಾಲದಿಂದ ಕತ್ತಲಲ್ಲೇ ಸುಖವಾಗಿದ್ದ ನಮ್ಮ ಮನೆಯ ಕೆಳಗಿನ ಗೋಡೆಗಳನ್ನೆಲ್ಲ ಕೆಡವಿ, ಹಿಂಬದಿಗೆ ಉದ್ದಕ್ಕೂ ಗಾಜು ಹಾಕಿಸಿ, ಮುಂಬಾಗಿಲಿನಿಂದ ಹಿತ್ತಿಲವರೆಗೆ ಒಂದೇ ಬಯಲು ಮಾಡಿ, ತಾವು ನಮ್ಮನ್ನು ಬೆಳಕಿಗೆ ತಂದಿದ್ದೀರಿ. ಹಿಂಬದಿ ಮನೆಯ ನೋರೀನ್, ಹವಾಮಾನ ಬಿಟ್ಟು ಬೇರೆ ಮಾತಾಡದಿದ್ದ ಮಹಾತಾಯಿ, ಈಗ ಬೇಲಿಯಾಚೆಯಿಂದ, "ಏನ್ರೀ ಹಿಲ್ಡಾ, ರಾತ್ರಿ ಬರೀ ಟೋಸ್ಟು ಬೀನ್ಸಾ? ಮೈಗೆ ಹುಷಾರಿಲ್ವಾ?" ಎಂದು ವಿಚಾರಿಸುತ್ತಾಳೆ. ಬೀದಿಯ ಸೌಹಾರ್ದ ಇಷ್ಟು ಬೆಳೆದದ್ದು ತಮ್ಮಿಂದಲೇ.

ಕೊರತೆ ಒಂದೇ. ಬಸ್ಸಿನಲ್ಲಿ ನಮ್ಮ ಕಾಲು ತುಳಿದವರಿಗೂ ನಾವೇ 'ಕ್ಷಮಿಸಿ' ಎನ್ನುವ ಜನ. ಮನೆಯಲ್ಲಿ ಮಾತ್ರ ಆ ಮಾತು ಹೊರಡುವುದಿಲ್ಲ. ಮದುವೆಯಾದಾಗಿನಿಂದ, ಜಗಳವಾದರೆ ನಾನು ಮುಂದಿನ ಕೋಣೆಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಳ್ಳುವುದು, ಸ್ವಲ್ಪ ಹೊತ್ತಿಗೆ ನನ್ನ ಗಂಡ ಕ್ಲೈವ್ ಟೀ ತಂದು ಬಾಗಿಲು ತಟ್ಟುವುದು, ನಾನು ತೆಗೆಯುವುದು, ಅಲ್ಲಿಗೆ ಮುಗಿಯಿತು.

ಕಳೆದ ಭಾನುವಾರ ನಾನು ಗಾಜಿಗೆ ಹೂವಿನ ಪರದೆ ಕಟ್ಟಲು ಹೋದೆ. "ವೆಂಡಲ್ ಸಾಹೇಬ್ರು ಪರದೆ ಬೇಡ ಅಂದಿದಾರೆ ಕಣೇ, ಡಿಸೈನ್ ಕೆಟ್ಟೋಗುತ್ತೆ" ಎಂದರು ಕ್ಲೈವ್. "ಹಾಗಾದ್ರೆ ವೆಂಡಲ್ ಸಾಹೇಬ್ರನ್ನೇ ಕಟ್ಕೊಳ್ಳಿ!" ಎಂದು ಹೊರಟೆ. ಹೊರಟು ಹೋಗುವುದೆಲ್ಲಿಗೆ ಸ್ವಾಮಿ? ಮಹಡಿಗೆ ಹೋಗೋಣವೆಂದರೆ ಇವರಿಗೆ ಮಂಡಿನೋವು, ಟೀ ಹಿಡಿದು ಹತ್ತಲಾರರು. ಸೋಫಾದ ಇನ್ನೊಂದು ತುದಿಗೆ ಹೋಗಿ ಕೂತೆ. ಅವರು ಟೀ ತಂದರು, ತಟ್ಟಲು ಏನೂ ಸಿಗದೆ ಸುಮ್ಮನೆ ನಿಂತರು, ಕೊನೆಗೆ ತಾವೇ ಕುಡಿದರು. ಅಂದಿನಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬರುತ್ತಿದೆ. ಅದನ್ನೂ ನೋರೀನ್ ನೋಡುತ್ತಿದ್ದಾಳೆ.

ಆದ್ದರಿಂದ ತಾವು ಸೂರ್ಯನಿಗೆ ಒಂದು ಮಾತು ಹೇಳಿ ಭಾನುವಾರಗಳಂದು ನಮ್ಮ ಮನೆಗೆ ರಜೆ ಕೊಡಿಸಬೇಕು. ಆಗದಿದ್ದರೆ ಬೆಳಕಿನಿಂದಲೇ ಮಾಡಿದ, ಆದರೆ ಧಡಾರೆನ್ನುವ ಬಾಗಿಲೊಂದನ್ನು ರಚಿಸಿಕೊಡಬೇಕು.

ಮರೆಯೆಂಬುದೇ ಇಲ್ಲದ
ತಮ್ಮ ವಿಶ್ವಾಸಿ,
ಹಿಲ್ಡಾ ಕ್ರಾಬ್‌ಟ್ರೀ

ತಾಜಾಕಲಂ: ತಾವು ಕಸಕ್ಕೆ ಹಾಕಿಸಿದ್ದ ಮುಂದಿನ ಕೋಣೆಯ ಹಸಿರು ಬಾಗಿಲನ್ನು ಕ್ಲೈವ್ ಗುಟ್ಟಾಗಿ ಹಿತ್ತಿಲ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದರಂತೆ. ಇದೀಗ ಅದನ್ನು ಎಳೆದು ತಂದು ನನ್ನೆದುರು ನಿಲ್ಲಿಸಿ, ಟೀ ಕಪ್ಪನ್ನು ನೆಲದ ಮೇಲಿಟ್ಟು, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಇನ್ನೊಂದರಲ್ಲಿ ತಟ್ಟುತ್ತಿದ್ದಾರೆ. "ಹಿಲ್ಡಾ, ಟೀ ಆರ್ತಿದೆ ಕಣೇ. ಬೇಗ ತೆಗಿ, ಕೈ ನೋಯ್ತಿದೆ." ತೆಗೆಯಲು ಹೋಗುತ್ತಿದ್ದೇನೆ. ಪತ್ರಿಕೆಗೆಂದು ತಾವು ನಮ್ಮ ಮನೆಯ ಫೋಟೋ ತೆಗೆಸಲು ಬರುವ ದಿನವೂ ಈ ಬಾಗಿಲು ಇಲ್ಲೇ ನಿಂತಿರುತ್ತದೆ. ತಟ್ಟಿ, ತೆಗೆಯುವವರೆಗೆ ಕಾಯಬೇಕಾಗಿ ವಿನಂತಿ.