ಕಾಲುಚೀಲದೊಳಗಿನ ಕ್ಯಾನ್ವಾಸು

ಅವತ್ತಿನ ಗಲಾಟೆಗೆಲ್ಲ ಕಾರಣ ಅಂಗಿಯ ಕಾಲರಿಗೆ ಹಾಕುವ ಒರಟು ಕ್ಯಾನ್ವಾಸಿನ ಒಂದು ತುಂಡು. ಟೈಲರು ಬೆಳಗ್ಗೆ ಎದ್ದವನೇ ಅದನ್ನು ತನ್ನ ಎಡಗಾಲಿನ ಕಾಲುಚೀಲದೊಳಗೆ, ಪಾದದ ಮೇಲ್ಭಾಗಕ್ಕೆ ತಾಕುವಂತೆ ಹೊಲಿದುಕೊಂಡ.

ಪಾರ್ಶ್ವವಾಯು ಹೊಡೆದಾಗಿನಿಂದ ಆ ಕಾಲಿಗೆ ನೆಲ ಬಿಟ್ಟೇಳುವುದೆಂದರೆ ಮಹಾ ಬೇಸರ. ಹೆಜ್ಜೆಹೆಜ್ಜೆಗೂ ಹೆಬ್ಬೆರಳು ನೆಲಕ್ಕೆ ತಗುಲಿ ಮುಗ್ಗರಿಸುತ್ತಿದ್ದ. ಅಂಗಡಿಯಲ್ಲಿ ಅವನ ಹೊಲಿಗೆ ಮೆಷಿನ್ನಿನ ಮುಂದೆ ಈಗ ಹೆಂಡತಿಯ ತಮ್ಮ ಕೂರುತ್ತಿದ್ದ. "ಮನೆಯಿಂದ ಅಂಗಡಿವರೆಗೂ ಎಡವದೆ ನಡೆದು ಬನ್ನಿ ಭಾವ, ಅವತ್ತೇ ಕುರ್ಚಿ ಬಿಟ್ಕೊಡ್ತೀನಿ" ಎಂದಿದ್ದ. ತನ್ನ ಮೆಷಿನ್ನನ್ನು ಇನ್ನೊಬ್ಬ ತುಳಿಯುತ್ತಿದ್ದಾನೆಂದು ನೆನೆದರೆ ಟೈಲರಿಗೆ ಊಟ ಸೇರುತ್ತಿರಲಿಲ್ಲ.

ಹಿಂದಿನ ದಿನ, ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಪಾದದ ಚರ್ಮಕ್ಕೆ ಸಣ್ಣಗೆ ಕರೆಂಟು ತಾಕಿಸಿದಾಗ ಕಾಲು ಟಪ್ಪನೆ ಮೇಲೆದ್ದಿತ್ತು. "ನೋಡಿದ್ರಾ? ಚರ್ಮದ ನರಕ್ಕೆ ಸುದ್ದಿ ಮುಟ್ಟಿದ್ರೆ ನೀವು ಹೇಳೋದೇ ಬೇಡ, ಕಾಲು ತಾನೇ ಏಳುತ್ತೆ. ಹೆಜ್ಜೆ ಎತ್ತೋ ಹೊತ್ತಿಗೆ ಸರಿಯಾಗಿ ತಾಕ್ಬೇಕು ಅಷ್ಟೇ. ನಿಧಾನಕ್ಕೆ ಕಲಿಸೋಣ" ಎಂದಿದ್ದರು. ಕೊನೆಯ ಮಾತನ್ನು ಟೈಲರು ಕಿವಿಗೆ ಹಾಕಿಕೊಳ್ಳಲಿಲ್ಲ.

"ರೀ, ಇದೇನ್ರೀ ಅವತಾರ?" ಎಂದಳು ಹೆಂಡತಿ.

"ಸುಮ್ನಿರೇ. ಕರೆಂಟು ಮಾಡೋ ಕೆಲ್ಸಾನ ಕ್ಯಾನ್ವಾಸು ಮಾಡುತ್ತೆ."

ಮಾಡಿತು ಕೂಡ! ಹೆಜ್ಜೆ ಎತ್ತುವಾಗ ಚಪ್ಪಲಿಯ ಪಟ್ಟಿ ಬಿಗಿಯಾಗಿ ಕ್ಯಾನ್ವಾಸು ಚರ್ಮವನ್ನು ಕೆರೆಯಿತು. ಕಾಲು ಚಂಗನೆ ಎದ್ದಿತು. ಟೈಲರು ಬೀದಿಗಿಳಿದ. ಹೆಂಡತಿ ಫಿಸಿಯೋ ಮೇಡಂಗೆ ಫೋನು ಮಾಡಲು ಒಳಗೋಡಿದಳು.

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಗೇಟು ಹಾರಿದಂತೆ ಬಂದು ಜೊತೆಗೂಡಿದರು. "ಎಡ! ಬಲ! ಎದೆ ಮುಂದಕ್ಕೆ!"

"ಸಾರ್, ನೀವು ಕೂಗಿದ್ರೆ ನಂಗೆ ಬಲಗಾಲೂ ಮರೆತುಹೋಗುತ್ತೆ."

ಎದುರುಮನೆಯಾಕೆ ತರಕಾರಿ ಚೀಲ ಹಿಡಿದು ಬರುತ್ತಿದ್ದವಳು, "ಅಯ್ಯೋ ಅಣ್ಣಾ, ಕಾಲುಚೀಲ ಸುಕ್ಕಾಗಿದೆ, ತಡೀರಿ" ಎಂದು ಬಗ್ಗಿ ಎಳೆದಳು. ಕಾಲು ಎಗರಿತು. ಟೊಮ್ಯಾಟೊಗಳೆಲ್ಲ ಬೀದಿಪಾಲಾದವು. ಹೆಡ್‌ಮಾಸ್ತರು ಹೆಕ್ಕಲು ಹೋಗಿ, ಒಂದರ ಮೇಲೆ ಕಾಲಿಟ್ಟು ಜಾರಿ ಕುಳಿತರು. ಟೈಲರು ಮಾತ್ರ ಎಡವಲಿಲ್ಲ. ಅಂಗಡಿಯ ಮೆಟ್ಟಿಲನ್ನೂ ಹತ್ತಿಬಿಟ್ಟ.

ಭಾಮೈದ ಮಾತಿಗೆ ತಪ್ಪುವವನಲ್ಲ. ಎದ್ದು ನಿಂತು ಕುರ್ಚಿ ಒರೆಸಿಕೊಟ್ಟ. "ಕೂತ್ಕೊಳ್ಳಿ ಭಾವ, ನಿಮ್ದೇ."

ಟೈಲರು ಕೂತು, ಮೆಷಿನ್ನನ್ನು ಒಮ್ಮೆ ಸವರಿ, ಎಡಗಾಲನ್ನು ಪೆಡಲಿನ ಮೇಲಿಟ್ಟ. ಕಾಲು ಟಪ್ಪನೆ ಎಗರಿತು! ಮೊಣಕಾಲು ಮೇಜಿಗೆ ಬಡಿದು ಕತ್ತರಿ ಕೆಳಗೆ ಬಿತ್ತು.

"ಆ ಕಾಲುಚೀಲ ಬಿಚ್ಚಿ ಭಾವ."

ಬಿಚ್ಚಿದ. ತಣ್ಣನೆಯ ಕಬ್ಬಿಣ ಬರಿಗಾಲಿಗೆ ತಾಕಿದ್ದೇ ತಡ, ಕಾಲು ಇನ್ನೂ ಎತ್ತರಕ್ಕೆ ಹೋಯಿತು. ಬಲಗಾಲಿನಲ್ಲಿ ತುಳಿದು ನೋಡಿದ. ಮೊದಲಿಂದಲೂ ತುಳಿಯುತ್ತಿದ್ದುದು ಎಡಗಾಲೇ, ಇದಕ್ಕೆ ಜನ್ಮದಲ್ಲಿ ಆ ಅಭ್ಯಾಸವಿಲ್ಲ. ಚಕ್ರ ಹಿಂದಕ್ಕೆ ತಿರುಗಿ ದಾರವೆಲ್ಲ ಗೋಜಲಾಯಿತು.

ಅಷ್ಟರಲ್ಲಿ ಫಿಸಿಯೋ ಮೇಡಂ ಏದುಸಿರು ಬಿಡುತ್ತ ಬಂದರು. ಎಗರುವ ಕಾಲನ್ನು ನೋಡಿ ಅವರ ಮುಖ ಅರಳಿತು. "ಭೇಷ್! ಕಾಲು ಪಾಠ ಕಲಿತುಬಿಟ್ಟಿದೆ! ಈಗ ಏನು ತಾಕಿದ್ರೂ ಏಳುತ್ತೆ."

"ತುಳಿಯೋದು ಯಾವಾಗ ಮೇಡಂ?" ಟೈಲರು ಪೆಡಲು ತೋರಿಸಿದ.

"ಅದನ್ನೂ ನಿಧಾನಕ್ಕೆ ಕಲಿಸೋಣ."

ಟೈಲರು ಎದ್ದ. ಭಾಮೈದ ಕೂತು ಗೋಜಲು ಬಿಡಿಸಿದ. ಆಮೇಲೆ ಸಂಕೋಚದಿಂದಲೇ ಒಂದು ಪೊಟ್ಟಣ ಚಾಚಿದ. "ತಪ್ಪು ತಿಳ್ಕೋಬೇಡಿ ಭಾವ. ಹೇಗೂ ಚೆನ್ನಾಗಿ ನಡೀತೀರಲ್ಲ, ಈ ಪ್ಯಾಂಟು ಹಿಂದಿನ ಬೀದಿ ಗಿರಾಕಿಗೆ ಕೊಟ್ಟುಬಂದ್ಬಿಡಿ. ಇನ್ನು ಮೇಲೆ ಆ ಕೆಲ್ಸ ನಿಮ್ದೇ."

ಬೆನ್ನ ಹಿಂದೆ ಮೆಷಿನ್ನು ಗಡಗಡ ಶುರುವಾಯಿತು. ಬಾಗಿಲಲ್ಲಿ ಟೈಲರು, ಈ ಕೆಲಸ ತಪ್ಪಿದರೆ ಸಾಕೆಂದು, ಬೇಕೆಂದೇ ಹೊಸ್ತಿಲಿಗೆ ಎಡವಲು ನೋಡಿದ. ಹೊಸ್ತಿಲು ತಾಕಿತೋ ಇಲ್ಲವೋ, ಕಾಲು ಅವನನ್ನು ಕೇಳದೆ ಎದ್ದು ಅಚ್ಚುಕಟ್ಟಾಗಿ ದಾಟಿಸಿಬಿಟ್ಟಿತು.