ಉಳಿದ ಬಣ್ಣ ಕೊಟ್ಟವರು

ಒಂದು ಮನೆಗೆ ಹೋಗಿ ಉಳಿದ ಬಣ್ಣದ ಡಬ್ಬಿ ಇಸಿದುಕೊಂಡು ಬರಲು ಐದು ನಿಮಿಷ ಸಾಕು ಎಂದು ನಾನು ಅಂದಾಜು ಮಾಡಿದ್ದೆ. ಯಾವ ಮನೆಯಲ್ಲೂ ಐದು ನಿಮಿಷಕ್ಕೆ ಮುಗಿಯಲಿಲ್ಲ. ಡಬ್ಬಿ ಕೈಗೆ ಬರುವ ಮೊದಲು ಇಲ್ಲವೇ ಬಂದ ಮೇಲೆ ಏನಾದರೊಂದು ನಡೆದೇ ನಡೆಯುತ್ತಿತ್ತು.

ಮೊದಲು ವಿಷಯ ಹೇಳುತ್ತೇನೆ. ಬ್ಯಾಡಗಿಯಲ್ಲಿ ನಾನು ಕಲಿತ ಸರಕಾರಿ ಶಾಲೆಯ ಕಾಂಪೌಂಡ್ ಗೋಡೆ ಅರವತ್ತು ಅಡಿ ಉದ್ದ ಇದೆ. ಶಾಲಾ ಸಮಿತಿಯ ಅಧ್ಯಕ್ಷರು ಅದನ್ನು ಒಂದು ಟ್ಯೂಷನ್ ಕ್ಲಾಸಿನ ಜಾಹೀರಾತಿಗೆ ಕೊಡುವ ವಿಚಾರದಲ್ಲಿದ್ದರು. ಆಗ ಮೋಟೆಬೆನ್ನೂರಿನ ಹಳೆಯ ಪೇಂಟರ್ ಒಬ್ಬರು, ನಾವು ಅವರನ್ನು ಪೇಂಟರ್ ಕಾಕಾ ಎನ್ನುತ್ತೇವೆ, ಬಣ್ಣ ಒದಗಿಸಿದರೆ ಕೂಲಿ ಇಲ್ಲದೆ ಇಡೀ ಗೋಡೆಗೆ ಚಿತ್ರ ಬಿಡಿಸುತ್ತೇನೆ ಎಂದರು. ಅವರು ಅಂಗಡಿಗಳ ಬೋರ್ಡು ಬರೆದು ಬದುಕಿದವರು. ಫ್ಲೆಕ್ಸ್ ಬಂದ ಮೇಲೆ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ವಾಚ್‌ಮನ್ ಆಗಿದ್ದಾರೆ. ಅಧ್ಯಕ್ಷರು ಗಣರಾಜ್ಯೋತ್ಸವದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಗೋಡೆ ತುಂಬಬೇಕು, ಖಾಲಿ ಉಳಿದಷ್ಟು ಭಾಗ ಟ್ಯೂಷನ್ ಕ್ಲಾಸಿಗೆ.

"ಇದೊಂದು ಗ್ವಾಡಿ ಪೂರಾ ಆದ್ರ ನಾಕ್ ಮಂದಿ ನೋಡ್ತಾರ, ಮತ್ತ ಕೆಲಸಕ್ಕ ಕರೀತಾರ," ಎಂದರು ಕಾಕಾ. "ಇಲ್ಲಂದ್ರ ಬ್ರಷ್ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಒಗೀತೇನಿ."

ಬಣ್ಣ ತರುವ ಕೆಲಸ ನನಗೆ ಬಂತು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ನೌಕರಿ. ನೂರು ಬೀಜ ಇಟ್ಟು ಎಷ್ಟು ಮೊಳೆತವು ಎಂದು ನೋಡುವುದು. ಸ್ಯಾಂಪಲ್ ತರಲು ವಾರಕ್ಕೆರಡು ಸಲ ಹಾವೇರಿಗೂ ಹೋಗುತ್ತೇನೆ. ಬ್ಯಾಡಗಿ ಸೇರಿ ಮೂರೂ ಊರು ತಿರುಗುವವನು ನಾನೊಬ್ಬನೇ. ಯಾರಿಗೂ ಭಾರವಾಗಬಾರದು, ಮನೆಗೆ ಹಚ್ಚಿ ಉಳಿದದ್ದನ್ನಷ್ಟೇ ಕೇಳಬೇಕು ಎಂದು ಕಾಕಾ, ನಾನು ಮಾತಾಡಿಕೊಂಡೆವು.

ಬಸ್ಸಿನ ಕಾನೂನು

ಲ್ಯಾಬಿನ ಗೆಳೆಯನೊಬ್ಬ ಕೊಟ್ಟ ಎರಡು ಡಬ್ಬಿ ಹಿಡಿದು ಸಂಜೆ ರಾಣೆಬೆನ್ನೂರಿನಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಮೂಗು ಏರಿಸಿದರು. ಬಣ್ಣ, ಪಟಾಕಿ, ಸೀಮೆಎಣ್ಣೆ ಬಸ್ಸಿನಲ್ಲಿ ಒಯ್ಯುವಂತಿಲ್ಲ, ಇಳಿಯಿರಿ ಎಂದರು. ಇದು ನೀರಿನ ಬಣ್ಣ, ಬೆಂಕಿ ಹತ್ತುವುದಿಲ್ಲ ಎಂದು ವಿವರಿಸಿದೆ. ಬಿ.ಎಸ್ಸಿ. ಆಗಿದೆ ಎಂದೂ ಹೇಳಿದೆ. ಉಪಯೋಗವಾಗಲಿಲ್ಲ. ಕೊನೆಗೆ ಯಾತಕ್ಕೆ ಒಯ್ಯುತ್ತೀರಿ ಎಂದು ಕೇಳಿದರು. ಗೋಡೆಯ ಸಂಗತಿ ಹೇಳಿದೆ. ಎರಡೂ ಮುಚ್ಚಳಗಳನ್ನು ಕೈಯಿಂದ ಒತ್ತಿ ಹಿಡಿದು ಕೂಡಬೇಕು ಎಂಬ ಷರತ್ತಿನ ಮೇಲೆ ಬಿಟ್ಟರು. ಬ್ಯಾಡಗಿಯವರೆಗೆ ಬಗ್ಗಿಕೊಂಡೇ ಬಂದೆ.

ಮರುದಿನವೂ ಅದೇ ಬಸ್, ಅದೇ ಕಂಡಕ್ಟರ್. ಡ್ರೈವರ್ ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ, ಒಂದು ಡಬ್ಬಿ ಹಸಿರು ಬಣ್ಣ ಕೂತಿತ್ತು. ಉರುಳದಂತೆ ಅದಕ್ಕೆ ಟವೆಲ್ಲಿನ ಸಿಂಬೆ ಮಾಡಿಟ್ಟಿದ್ದರು. ನಮ್ಮ ಮನೆಯದು, ಗೋಡೆಗೆ ಒಯ್ಯಿರಿ ಎಂದರು.

"ಬಸ್ಸಿನ್ಯಾಗ ಬಣ್ಣ ಒಯ್ಯಾಕ ಬರೂದಿಲ್ಲ ಅಂದಿದ್ರೆಲ್ರಿ ನಿನ್ನೆ?"

"ಅದು ಲಗೇಜ್ ಆದ್ರ. ಇದು ಸ್ಟಾಫ್."

ಹಾವೇರಿಯ ಗುಲಾಬಿ

ಹಾವೇರಿಯಲ್ಲಿ ನನ್ನ ಅತ್ತಿಯ ಮನೆ ಇದೆ. ಮಗಳ ಮದುವೆಯಲ್ಲಿ ಹಾಲ್‌ಗೆ ಹಚ್ಚಿ ಉಳಿದ ಗುಲಾಬಿ ಬಣ್ಣ ಅವರಲ್ಲಿ ಅರ್ಧ ಡಬ್ಬಿ ಇತ್ತು. ಕೇಳಿದ ಕೂಡಲೇ ಅತ್ತಿ ತಂದಿಟ್ಟಳು. ಮಾಮಾ ಒಳಗೆ ಒಯ್ದಿಟ್ಟರು. ಗೋಡೆ ಎಲ್ಲಾದರೂ ಕಿತ್ತರೆ ತೇಪೆ ಹಚ್ಚಲು ಬೇಕು ಎಂಬುದು ಅವರ ವಾದ. ಮಗಳಿಗೆ ಎರಡು ಮಕ್ಕಳಾದವು, ಗೋಡೆ ಇನ್ನೂ ಕಿತ್ತಿಲ್ಲ ಎಂದು ಅತ್ತಿ ಮತ್ತೆ ಹೊರಗೆ ತಂದಳು. ಮಾಮಾ ಮತ್ತೆ ಒಳಗೆ ಒಯ್ದರು. ಮೂರನೆಯ ಸಲ ಡಬ್ಬಿ ಹೊರಗೆ ಬಂದಾಗ ನಾನು ಚಹಾ ಅರ್ಧಕ್ಕೇ ಬಿಟ್ಟು ಅದನ್ನು ಎತ್ತಿಕೊಂಡು ನಡೆದೆ.

ಆಮೇಲೆ ಮಾಮಾನ ಫೋನು ಶುರುವಾಯಿತು. ನಮ್ಮ ಬಣ್ಣ ಎಲ್ಲಿ ಹಚ್ಚಿದಿರಿ ಎಂದು ದಿನಾ ಕೇಳುತ್ತಿದ್ದರು. ಚಿತ್ರದಲ್ಲಿ ಇದ್ದದ್ದು ಹೊಲ, ಎತ್ತು, ಮೆಣಸಿನಕಾಯಿ ರಾಶಿ, ಗುಡ್ಡ, ಕೊನೆಗೊಂದು ಕೆರೆ. ಗುಲಾಬಿಗೆ ಎಲ್ಲೂ ಜಾಗ ಇರಲಿಲ್ಲ. ಹಚ್ಚದಿದ್ದರೆ ವಾಪಸ್ ತಂದುಕೊಡು ಎಂಬಲ್ಲಿಗೆ ಮಾತು ಬಂತು. ಕಾಕಾ ಒಂದು ದಿನ ಯೋಚಿಸಿ, ಮುಚ್ಚಿದ್ದ ಎತ್ತಿನ ಬಾಯಿಯನ್ನು ತೆರೆಸಿ, ನಾಲಿಗೆಗೆ ಗುಲಾಬಿ ಹಚ್ಚಿದರು. ಎರಡು ಚಮಚೆ ಹಿಡಿಯಿತು. ಫೋಟೋ ಕಳಿಸಿದೆ. ಬೇಜಾರಾಗುತ್ತಾರೆ ಎಂದುಕೊಂಡಿದ್ದೆ. ಆ ಸಂಜೆ ಅವರು ಹುಬ್ಬಳ್ಳಿಯ ಬೀಗರಿಗೆ ಫೋನ್ ಮಾಡಿ ಹೇಳಿದ್ದನ್ನು ಅತ್ತಿ ನನಗೆ ಹೇಳಿದಳು:

"ನಮ್ಮ ಹಾಲ್ ಈಗ ಬ್ಯಾಡಗ್ಯಾಗ ಎತ್ತಿನ ಬಾಯಾಗ ಐತ್ರಿ. ಬಿಡುವ ಮಾಡ್ಕೊಂಡು ಬಂದು ನೋಡ್ರಿ."

ಕೆಂಪು ಇಲ್ಲದ ಊರು

ಲ್ಯಾಬಿನ ಅಭ್ಯಾಸದಂತೆ ಪ್ರತಿ ಡಬ್ಬಿಗೂ ಲೇಬಲ್ ಅಂಟಿಸುತ್ತಿದ್ದೆ. ಎರಡು ತಿಂಗಳಾಗುವ ಹೊತ್ತಿಗೆ ಶಾಲೆಯ ವರಾಂಡದಲ್ಲಿ ಇಪ್ಪತ್ತಾರು ಡಬ್ಬಿ ಸಾಲಾಗಿ ನಿಂತವು. ಹೆಚ್ಚಿನವು ತಿಳಿ ಹಸಿರು, ಉಳಿದವು ಕೆನೆ ಬಣ್ಣ ಮತ್ತು ನೀಲಿ. ಕೆಂಪು ಒಂದೂ ಇಲ್ಲ. ವರ್ಷಪೂರ್ತಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಕೆಂಪು ನೋಡುವ ಜನ ಮನೆಗೂ ಅದನ್ನೇ ಹಚ್ಚುವುದಿಲ್ಲ. ಮೆಣಸಿನಕಾಯಿ ರಾಶಿ ಬರೀ ಗೆರೆಯಲ್ಲಿ ಉಳಿಯಿತು. ಹಾದು ಹೋಗುವವರು ಬೆಳ್ಳುಳ್ಳಿ ಚಲೋ ಬಂದಿದೆ ಎನ್ನುತ್ತಿದ್ದರು.

ಕೆಂಪು ಸಿಕ್ಕಿದ್ದು ಹಾವೇರಿ ಹತ್ತಿರದ ಅಗಡಿಯ ರೈತರೊಬ್ಬರಲ್ಲಿ. ದೀಪಾವಳಿಯ ಹೋರಿ ಹಬ್ಬಕ್ಕೆ ತಮ್ಮ ಹೋರಿಯ ಕೋಡಿಗೆ ಹಚ್ಚಿ ಉಳಿದದ್ದು. ಡಬ್ಬಿ ಕೊಡುವ ಮೊದಲು ಅವರು ಕೊಟ್ಟಿಗೆಗೆ ಹೋಗಿ, ಹೋರಿಯ ಬೆನ್ನು ಸವರಿ, ಏನೋ ಹೇಳಿ ಬಂದರು.

ಎರಡು ವಾರದ ಮೇಲೆ ಶಾಲೆಯ ಮುಂದೆ ಟೆಂಪೋ ಬಂದು ನಿಂತಿತು. ಮುಂದಿನಿಂದ ರೈತರು ಇಳಿದರು, ಹಿಂದಿನಿಂದ ಹೋರಿ ಇಳಿಯಿತು. ಬಣ್ಣ ಅವನದು, ನಾನೊಬ್ಬನೇ ನೋಡಿ ಹೋದರೆ ಹೇಗೆ ಎಂದು ರೈತರು ವಿವರಣೆ ಕೊಟ್ಟರು. ಹೋರಿ ರಾಶಿಯನ್ನು ದಾಟಿ ಎತ್ತಿನ ಚಿತ್ರದ ಮುಂದೆ ನಿಂತು ಜೋರಾಗಿ ಗುಟುರು ಹಾಕಿತು. ಕಾಕಾ ಏಣಿಯ ಮೇಲೆ ಇನ್ನೆರಡು ಮೆಟ್ಟಿಲು ಏರಿದರು. ಏನನ್ನುತ್ತಾನೆ ಎಂದು ಅಲ್ಲಿಂದಲೇ ಕೇಳಿದರು.

"ಚಲೋ ಆಗೇತಂತ," ಎಂದರು ರೈತರು. "ಕೋಡು ಅಷ್ಟ ಸ್ವಲ್ಪ ಸಣ್ಣವಾದ್ವು ಅಂತಾನ."

ಸುಕ್ಕು

ರಾಶಿಗೆ ಕೆಂಪು ಬಂದ ಮೇಲೆ ಕಾಕಾ ಒಂದೊಂದೇ ಕಾಯಿಯನ್ನು ನುಣುಪಾಗಿ, ಹೊಳೆಯುವಂತೆ ತಿದ್ದಿದರು. ಮಾರ್ಕೆಟ್‌ಗೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೊರಟಿದ್ದ ಮೂವರು ಹೆಂಗಸರು ನಿಂತು ನೋಡಿದರು. ಹಿರಿಯಾಕೆ, ಇದು ನಮ್ಮ ಕಾಯಿ ಅಲ್ಲ, ಗುಂಟೂರಿನದು ಎಂದಳು. ಬ್ಯಾಡಗಿ ಕಾಯಿಗೆ ಸುಕ್ಕು ಇರಬೇಕು. ಕಾಕಾಗೆ ಸಿಟ್ಟು ಬಂತು. ಇದು ಚಿತ್ರ, ಚಂದ ಕಾಣಬೇಕು ಎಂದರು. ಚಂದ ಇರಲಿ, ಸುಕ್ಕು ಹಾಕ್ರಿ ಎಂದಳು ಆಕೆ. ಸುಕ್ಕಿಲ್ಲದ ಕಾಯಿಯನ್ನು ಬ್ಯಾಡಗಿಯ ಶಾಲೆಯ ಗೋಡೆಯ ಮೇಲೆ ಬಿಟ್ಟರೆ ನಾಳೆ ಮಾರ್ಕೆಟ್‌ನಲ್ಲಿ ಮುಖ ತೋರಿಸುವುದು ಹೇಗೆ ಎಂದು ಉಳಿದ ಇಬ್ಬರೂ ದನಿ ಸೇರಿಸಿದರು.

ಒಬ್ಬಾಕೆ ಓಡಿ ಹೋಗಿ ಉಡಿಯಲ್ಲಿ ಕಾಯಿ ತಂದಳು. ಒಂದೊಂದನ್ನೇ ಎತ್ತಿ ಹಿಡಿದು, ಸುಕ್ಕು ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆ ಎಂದು ತೋರಿಸಿದರು. ಮುಕ್ಕಾಲು ತಾಸು ಹೋಯಿತು. ಅವರಿಗೆ ಕೂಲಿ ತೂಕದ ಮೇಲೆ. ನಿಮಗೆ ಹೊತ್ತಾಯಿತಲ್ಲ ಎಂದೆ.

"ಆಗಲಿ ಬಿಡೋ ತಮ್ಮಾ," ಎಂದಳು ಹಿರಿಯಾಕೆ. "ಇಷ್ಟ ವರ್ಷ ತೊಟ್ಟು ಮುರದೇವಿ, ಕಾಯಿ ಹೆಂಗಿರತೈತಿ ಅಂತ ಒಬ್ಬರೂ ನಮ್ಮನ್ನ ಕೇಳಿಲ್ಲ. ಇವರೂ ಕೇಳಿಲ್ಲ, ನಾವ ಹೇಳೀವಿ. ಹೊಟ್ಟಿ ತಣ್ಣಗಾತು."

ಮೂವರೂ ನಗುತ್ತ ಹೋದರು. ನೂರಕ್ಕೆ ಎಷ್ಟು ಮೊಳೆತವು ಎಂದು ನಾನು ಹೇಳಬಲ್ಲೆ, ಖುಷಿಯನ್ನು ಅಳೆಯುವುದು ಗೊತ್ತಿಲ್ಲ. ಆದರೆ ಈ ಗೋಡೆಗೆ ಏನಾದರೂ ಕೊಟ್ಟು ಹೋದವರಲ್ಲಿ ಮುಖ ಸಣ್ಣ ಮಾಡಿಕೊಂಡು ಹೋದವರನ್ನು ನಾನು ಕಂಡಿಲ್ಲ.

ಕಾಕಾ ಮಾದರಿಯ ಕಾಯಿಗಳನ್ನು ಮುಟ್ಟಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಎರಡೂ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಅದೇ ಹೊತ್ತಿಗೆ ಹೊರಗೆ ಬಂದ ಹೆಡ್‌ಮಾಸ್ತರರು ನೋಡಿ, ಏಳನೆಯ ತರಗತಿಯನ್ನು ಸಾಲಾಗಿ ಕರೆತಂದು ನಿಲ್ಲಿಸಿದರು.

"ನೋಡ್ರಿ ಮಕ್ಕಳ, ಖರೇ ಕಲಾವಿದರು ತಾವು ಬರೆದದ್ದನ್ನ ನೋಡಿ ಹಿಂಗ ಅಳತಾರ."

ಎದುರು ಮನೆಯವರು

ಗಣರಾಜ್ಯೋತ್ಸವಕ್ಕೆ ಎರಡು ದಿನ ಇತ್ತು. ಐವತ್ತೆರಡು ಅಡಿ ಮುಗಿದಿತ್ತು. ಉಳಿದ ಎಂಟು ಅಡಿಗೆ ಕೆರೆ ಮತ್ತು ಆಕಾಶ ಬರಬೇಕು, ನೀಲಿ ತೀರಿತ್ತು. ಮೂರೂ ಊರಿನಲ್ಲಿ ಕೇಳಬೇಕಾದವರನ್ನೆಲ್ಲ ಕೇಳಿಯಾಗಿತ್ತು. ಅಧ್ಯಕ್ಷರು ಟ್ಯೂಷನ್ ಕ್ಲಾಸಿನವರನ್ನು ಕರೆದುಕೊಂಡೇ ಬಂದರು. ಅವರು ಟೇಪು ಬಿಚ್ಚಿ ಎಂಟು ಅಡಿಯನ್ನು ಅಳೆಯತೊಡಗಿದರು. ಕಾಕಾ ಬ್ರಷ್ ತೊಳೆಯಲು ಕೂತರು. ಅವರು ಅದನ್ನು ತೊಳೆದ ರೀತಿ ನನಗೆ ಹಿಡಿಸಲಿಲ್ಲ, ಮತ್ತೆ ಬಳಸುವವರು ಅಷ್ಟು ತಿಕ್ಕಿ ತೊಳೆಯುವುದಿಲ್ಲ.

ಶಾಲೆಯ ಎದುರಿಗೆ ಒಬ್ಬ ನಿವೃತ್ತ ಓವರ್‌ಸಿಯರ್ ಅವರ ಮನೆ ಇದೆ. ಅವರ ಬಿಳಿ ಕಾಂಪೌಂಡ್ ಗೋಡೆಯ ಮೇಲೆ 'ಇಲ್ಲಿ ಏನೂ ಬರೆಯಬಾರದು' ಎಂದು ಬರೆಸಿದ್ದಾರೆ. ನಾನು ಮೂರು ಸಲ ಬಣ್ಣ ಕೇಳಿದ್ದೆ. ಸರಕಾರಿ ಗೋಡೆಗೆ ಸರಕಾರವೇ ಬಣ್ಣ ಹಚ್ಚಬೇಕು ಎಂದು ಮೂರು ಸಲವೂ ಬರಿಗೈಯಲ್ಲಿ ಕಳಿಸಿದ್ದರು. ಆದರೆ ದಿನಾ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತು, ಗುಡ್ಡ ಎಡಕ್ಕೆ ವಾಲಿತು, ಎತ್ತಿನ ಕಾಲು ಗಿಡ್ಡವಾಯಿತು ಎಂದು ಕಾಕಾಗೆ ಸೂಚನೆ ಕೊಡುತ್ತಿದ್ದರು.

ಟೇಪು ಕಂಡು ಅವರು ಕುರ್ಚಿಯಿಂದ ಎದ್ದರು. ಒಳಗೆ ಹೋದರು. ಮುಚ್ಚಳ ತೆಗೆಯದ ನೀಲಿ ಡಬ್ಬಿಯೊಂದನ್ನು ಹಿಡಿದು ರಸ್ತೆ ದಾಟಿ ಬಂದರು.

"ಮೂರು ತಿಂಗಳಿಂದ ಕೆರಿ ಎಂದ ಬರತೈತಿ ಅಂತ ಕುಂತೇನಿ," ಎಂದರು ಅಧ್ಯಕ್ಷರಿಗೆ. "ಇನ್ನ ದಿನಾ ಟ್ಯೂಷನ್ ಬೋರ್ಡ್ ನೋಡ್ಕೋತ ಚಾ ಕುಡಿಯಾಕ ನನ್ನ ಕಡಿಂದ ಆಗೂದಿಲ್ಲ. ಟೇಪ್ ಸುತ್ತರಿ."

ಟೇಪು ಸುತ್ತಿಕೊಂಡರು. ಮರುದಿನ ಸಂಜೆಗೆ ಕೆರೆ ತುಂಬಿತು. ಅರ್ಧ ಡಬ್ಬಿ ನೀಲಿ ಉಳಿಯಿತು. ವಾಪಸ್ ಕೊಡಲು ಹೋದರೆ ಓವರ್‌ಸಿಯರ್ ಕೈ ಹಿಂದೆ ಕಟ್ಟಿಕೊಂಡರು. ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳುವ ರೂಢಿ ತಮ್ಮ ಮನೆತನದಲ್ಲಿ ಇಲ್ಲ ಎಂದರು. ಹಾಗೆಂದು ಬಣ್ಣ ಹಾಳಾಗಬಾರದು. ಕಾಕಾ, ನಾನು, ಅವರು ಮೂವರೂ ಡಬ್ಬಿಯನ್ನು ನೋಡುತ್ತ ನಿಂತೆವು. ಆಮೇಲೆ ಅವರು ತಮ್ಮ ಗೋಡೆಯ ಕಡೆ ತಿರುಗಿ, ಕೂಲಿ ಎಷ್ಟಾದರೂ ಆಗಲಿ, ನಾಳೆ ಧ್ವಜಾರೋಹಣ ಮುಗಿದ ಮೇಲೆ ಇಲ್ಲಿ ಶುರು ಮಾಡಿರಿ ಎಂದು ಕಾಕಾಗೆ ಹೇಳಿದರು.

ಅವರ ಹೆಂಡತಿ ಬಾಗಿಲಿಗೆ ಬಂದರು. ಮದುವೆಯಾದಾಗಿನಿಂದ ಒಂದು ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಬಿಟ್ಟವರಲ್ಲ, ಏನಾಗಿದೆ ಇವರಿಗೆ ಎಂದು ನನ್ನನ್ನು ಕೇಳಿದರು.

ಕಾಕಾ ಆಗಲೇ ಬ್ರಷ್ ಕೈಗೆ ತೆಗೆದುಕೊಂಡಿದ್ದರು. ಏನು ಬಿಡಿಸಲಿ ಎಂದರು. ಓವರ್‌ಸಿಯರ್ ಬಹಳ ಹೊತ್ತು ಯೋಚಿಸಲಿಲ್ಲ.

"ನಂದ ಬಿಡಸ್ರಿ. ಹಿಂಗ ಕುರ್ಚಿ ಹಾಕ್ಕೊಂಡು, ಚಾ ಕುಡಕೋತ, ಎದುರಿನ ಗ್ವಾಡಿ ನೋಡಾಕತ್ತಿದ್ದು."

"ಬ್ಯಾಡ್ರಿ ಪೇಂಟರ್ ಅಣ್ಣಾರ," ಎಂದರು ಹೆಂಡತಿ. "ಒಬ್ಬರಿಗೆ ಮಾಡಿ ಮಾಡಿ ಸಾಕಾಗೇತಿ. ಇಬ್ಬರಿಗೆ ಚಾ ಮಾಡಾಕ ನನಗ ಆಗೂದಿಲ್ಲ."