ಓಟಕ್ಕೆಂದು ಉಳಿಸಿಟ್ಟ ಕಾಲು

ಆತುರಪಟ್ಟು ಕೆಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬುದ್ಧಿವಂತಿಕೆಯಿಂದ ನಿಧಾನ ಮಾಡಿ ಕೆಟ್ಟವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಮಾಡಿಟ್ಟ ಹಿರಿಯರು, ನಿಧಾನಗಾರನಿಗೆ ಬುದ್ಧಿ ಎಷ್ಟೆಂಬುದನ್ನು ಹೇಳದೆಯೇ ಹೋಗಿಬಿಟ್ಟರು. ಆ ಕೊರತೆಯನ್ನು ತುಂಬಲು ನನಗಿಂತ ತಕ್ಕವರಿಲ್ಲ ಎಂಬ ಅಭಿಪ್ರಾಯ ನಮ್ಮ ಮನೆಯಲ್ಲಿದೆ. ಮನೆಯಲ್ಲಿ ಎಂದರೆ ನನ್ನ ಹೆಂಡತಿ ಗೌರಮ್ಮನಲ್ಲಿ.

ನಾನು ಆಗ ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಗುಮಾಸ್ತ. ಊರು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ನಮ್ಮ ಹಿರಿಯ ಗುಮಾಸ್ತರು ಸಿಟ್ಟು ಬಂದಾಗ ತಮಿಳಿನಲ್ಲೇ ಬೈಯುತ್ತಿದ್ದರು. ಹೊಸದಾಗಿ ಬಂದ ಸಾಹೇಬರಿಗೆ ನೌಕರರ ಬೊಜ್ಜು ಕಂಡರೆ ಆಗುತ್ತಿರಲಿಲ್ಲ. ಆ ವರ್ಷದ ಕ್ರೀಡಾಕೂಟಕ್ಕೆ ಅವರು ಹೆಸರೇ ಇಲ್ಲದ ಒಂದು ಪಂದ್ಯ ಹೂಡಿದರು. ಊರಾಚೆಯ ಕೆರೆಯನ್ನು ಈಜಿ ದಾಟಬೇಕು, ಅಲ್ಲಿಂದ ಹನೂರಿಗೆ ಸೈಕಲ್ ತುಳಿಯಬೇಕು, ಹನೂರಿನಲ್ಲಿ ಸೈಕಲ್ ಬಿಟ್ಟು ಊರಿಗೆ ಒಂದು ಸುತ್ತು ಓಡಬೇಕು. "ಮೂರ್ ಕೆಲ್ಸಾನೂ ಒಬ್ನೇ ಮಾಡದಾ ಸಾ? ಭತ್ಯೆ ಏನಾರ ಉಂಟಾ?" ಎಂದು ಜವಾನ ಕೇಳಿದ.

ನಾನು ಹೆಸರು ಕೊಟ್ಟದ್ದಕ್ಕೆ ಕಾರಣ ನನ್ನ ಮಾವನ ಮನೆ. ಹನೂರಿನ ದಾರಿಯಲ್ಲಿ ಅರ್ಧಕ್ಕೆ ಸಿಗುವ ಕಾಮಗೆರೆಯಲ್ಲಿ, ರಸ್ತೆಯ ಪಕ್ಕದಲ್ಲೇ ಅವರ ಮನೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಹೊಲದಲ್ಲಿ ದುಡಿಯುವ ನನ್ನ ಭಾವಮೈದುನರು ನನಗೆ 'ಕುರ್ಚಿ ಅಳಿಯ' ಎಂದು ಹೆಸರಿಟ್ಟಿದ್ದರು. ನನಗೆ ಅದರಿಂದ ಬೇಸರವೇನೂ ಇರಲಿಲ್ಲ, ಕುರ್ಚಿ ಒಳ್ಳೆಯದೇ ಇತ್ತು. ಗೌರಮ್ಮನಿಗೆ ಮಾತ್ರ ತಡೆಯಲಾಗದ ಸಂಕಟ. "ಒಂದ್ಸಲನಾದ್ರೂ ಅವ್ರ ಬಾಯ್ ಮುಚ್ಚಿಸ್ರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿ, ಪಂದ್ಯದ ಹಿಂದಿನ ದಿನವೇ ತವರಿಗೆ ಹೋದಳು. ಅಷ್ಟರಲ್ಲಿ ನಮ್ಮ ಮಾವ, ಅಳಿಯನೇ ಮೊದಲು ಬರುತ್ತಾನೆಂದು ಊರಿಗೆಲ್ಲ ಸಾರಿದ್ದರಂತೆ. ಹೆಂಡತಿಯ ತವರಿನಲ್ಲಿ ತಲೆಯೆತ್ತಿ ಓಡಾಡುವ ಯೋಗ ಆ ಒಂದು ಪಂದ್ಯದ ಮೇಲೆ ನಿಂತಿತ್ತು.

ಆದ್ದರಿಂದ ನಾನು ಶಾಸ್ತ್ರೋಕ್ತವಾಗಿ ಹೊರಟೆ. ಪರಿಚಯದ ಡ್ರಿಲ್ ಮೇಷ್ಟ್ರೊಬ್ಬರನ್ನು ಕೇಳಿದೆ. "ಎಲ್ಲಾ ಶಕ್ತೀನೂ ಒಂದೇ ಸಲ ಸುರೀಬೇಡಿ ಸಾ. ಈಜುವಾಗ ಸೈಕಲ್ ನೆಪ್ಪಿರ್ಲಿ, ಸೈಕಲ್ ತುಳಿಯುವಾಗ ಓಟ ನೆಪ್ಪಿರ್ಲಿ" ಎಂದರು. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಓಡುವಾಗ ಏನನ್ನು ನೆನಪಿಡಬೇಕೆಂದು ಕೇಳುವುದನ್ನೇ ಮರೆತೆ.

ಕೆರೆಗೆ ಬಿದ್ದದ್ದೇ ತಡ, ನಮ್ಮ ಕಚೇರಿಯ ಸರ್ವೆ ವಿಭಾಗದ ಮಾದಪ್ಪ, ಮೊಸಳೆಯೊಂದು ಅಟ್ಟಿಸಿಕೊಂಡು ಬಂದ ಹಾಗೆ ಕೈಕಾಲು ಬಡಿಯುತ್ತಾ ಮುಂದೆ ಹೋದ. ನನಗೆ ಅಯ್ಯೋ ಪಾಪ ಎನ್ನಿಸಿತು. ನಾನು ನನ್ನ ಹುಟ್ಟೂರಾದ ಹೊನ್ನೂರಿನ ಗದ್ದೆ ಬಾವಿಯಲ್ಲಿ ಈಜು ಕಲಿತವನು. ಬಾವಿಯ ಈಜುಗಾರನಿಗೆ ನಾಲ್ಕು ಸಲ ಕೈ ಬೀಸಿದರೆ ಹಿಡಿಯಲು ಗೋಡೆ ಸಿಗಬೇಕು. ಕೆರೆಯಲ್ಲಿ ಗೋಡೆ ಎಲ್ಲಿಂದ ಬರಬೇಕು? ಅಭ್ಯಾಸಬಲದಿಂದ ನಡುನಡುವೆ ದಡದ ಕಡೆಗೆ ತಿರುಗುತ್ತಾ, ಸೈಕಲನ್ನು ನೆನೆಯುತ್ತಾ, ಕೊನೆಗೂ ಆಚೆ ಸೇರಿದೆ. ಅಲ್ಲಿ ಒಂದೇ ಒಂದು ಸೈಕಲ್ ಉಳಿದಿತ್ತು. ಅದು ನನ್ನದೇ ಆದ್ದರಿಂದ ಹುಡುಕುವ ಶ್ರಮ ತಪ್ಪಿತು.

ಸೈಕಲ್ ಮೇಲೆ ಓಟವನ್ನು ನೆನೆದೆ. ಏರು ಬಂದರೆ ಕಾಲು ಸೋಲಬಾರದೆಂದು ಇಳಿದು ತಳ್ಳಿದೆ. ಇಳಿಜಾರು ಬಂದರೆ ವೇಗ ಮಿತಿ ಮೀರಬಾರದೆಂದು ಬ್ರೇಕು ಹಿಡಿದೆ. ಒಂದು ಹೋಟೆಲಿನ ಮುಂದೆ ಕಾಫಿಯ ವಾಸನೆ ಬಂದಾಗ, ದೇಹವನ್ನು ದಂಡಿಸುವುದೂ ದುಂದುಗಾರಿಕೆಯೇ ಎಂದು ತೋರಿ ಕುಳಿತು ಕುಡಿದೆ. ಹೋಟೆಲಿನವನು "ಎತ್ಲಾಗ್ ಸಾ, ಸವಾರಿ?" ಎಂದ. "ಪಂದ್ಯದಲ್ಲಿದೀನಿ" ಎಂದೆ. ಅವನು ನನ್ನನ್ನೂ ಲೋಟವನ್ನೂ ನೋಡಿ, "ಹಂಗಾರೆ ಇನ್ನೊಂದ್ ಕೊಡ್ಲಾ?" ಎಂದ. ಮುಂದೆ ಹೋದವರು ಯಾವುದಾದರೊಂದು ಹುಣಸೆಮರದ ಕೆಳಗೆ ನಾಲಗೆ ಚಾಚಿ ಬಿದ್ದಿರುತ್ತಾರೆ, ಒಬ್ಬೊಬ್ಬರನ್ನೇ ಮಾತನಾಡಿಸಿಕೊಂಡು ದಾಟಿಹೋಗಬೇಕು ಎಂದು ಲೆಕ್ಕ ಹಾಕಿದ್ದೆ. ಕಾಮಗೆರೆ ಹತ್ತಿರವಾದಾಗ ಹನೂರಿನ ಕಡೆಯಿಂದ ಬಸ್ಸೊಂದು ಎದುರಾಯಿತು. ಅದರ ತಲೆಯ ಮೇಲೆ ಒಂದು ಸೈಕಲ್ ಇತ್ತು. ನೋಡಿದೆಯಾ, ಒಬ್ಬ ಆಗಲೇ ಸುಸ್ತಾಗಿ ಹಿಂದಿರುಗುತ್ತಿದ್ದಾನೆ ಎಂದು ಹಿಗ್ಗಿದೆ.

ಕಾಮಗೆರೆಯ ತಿರುವಿನಲ್ಲಿ, ನಡುರಸ್ತೆಯಲ್ಲಿ, ನಮ್ಮ ಅತ್ತೆ ನಿಂತಿದ್ದರು. ಕೈಯಲ್ಲಿ ನೀರಿನ ಚೊಂಬು. ಏದುಸಿರು ಬಿಡುತ್ತಿದ್ದರು.

"ಇಳೀರಿ ಅಳೀಮಯ್ಯ, ಕಾಲ್ಗ್ ನೀರ್ ತಕಳಿ."

"ಅತ್ತೆಮ್ಮ, ಇದು ಪಂದ್ಯ! ನಿಲ್ಲೋ ಹಾಗಿಲ್ಲ!"

"ಪಂದ್ಯ ಗಿಂದ್ಯ ನಂಗೊತ್ತಿಲ್ಲ. ವರ್ಸ ತುಂಬದ್ ಅಳಿಯ ಬಾಗ್ಲ ಮುಂದ್ಲಿಂದ ಒಳಿಕ್ ಬರ್ದೆ ಓದ್ರೆ, ಊರ್ನೋರು ನಮ್ಗೇನಂದಾರು? ಒಬ್ಬಟ್ಟು ಬೇಯಿಸಿವ್ನಿ, ಇಳೀರಿ."

ಹ್ಯಾಂಡಲ್ ಹಿಡಿದವರು ಬಿಡಲಿಲ್ಲ. ಕಾಲಿಗೆ ನೀರು ಕೊಟ್ಟ ಅತ್ತೆಯನ್ನು ದಾಟಿ ಹೋದ ಅಳಿಯ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಇಳಿದೆ, ಉಂಡೆ, ಜಗಲಿಯ ಮೇಲೆ ಮಲಗಿದೆ. ಮಾವ ಎದುರಿಗೆ ಬರಲಿಲ್ಲ. ಸಂಜೆ ಸೈಕಲನ್ನು ಬಸ್ಸಿನ ಮೇಲೇರಿಸಿ ಕೊಳ್ಳೇಗಾಲಕ್ಕೆ ಬಂದೆ. ಓಟಕ್ಕೆಂದು ಅಷ್ಟು ಜೋಪಾನವಾಗಿ ಉಳಿಸಿದ್ದ ಕಾಲು ಹಾಗೆಯೇ ಉಳಿಯಿತು, ಇವತ್ತಿಗೂ ಉಳಿದಿದೆ.

ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಕಚೇರಿಯಲ್ಲಿ, ಮದುವೆಮನೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ: ಗೆಲ್ಲುವವನನ್ನು ಒಬ್ಬಟ್ಟು ಹಾಕಿ ಕೆಡಿಸಿದರು ಎಂದು. ಅನೇಕ ವರ್ಷ ಹೇಳಿದೆ. ಒಂದು ದಿನ ಮನೆಗೆ ಬಂದ ನೆಂಟರಿಗೂ ಹೇಳತೊಡಗಿದಾಗ ಗೌರಮ್ಮ ಒಳಗಿನಿಂದ ಬಂದಳು.

"ಸಾಕು ಮಾಡ್ರಿ. ಆವತ್ತು ಬಸ್ಸು ನಮ್ಮೂರಲ್ಲಿ ನಿಂತಿತ್ತು. ಮಾದಪ್ಪ ಕೊಳ್ಳಲ್ಲಿ ಹಾರ ಆಕ್ಕಂಡು ಕೂತಿದ್ದ. ಗೆದ್ದು, ಬಹುಮಾನ ಈಸ್ಕಂಡು, ಮನೆಗ್ ಓಯ್ತಿದ್ದ. ನೀವು ಇನ್ನೂ ಊರಿಗೇ ಬಂದಿರ್ನಿಲ್ಲ. ನಮ್ಮಣ್ಣದೀರು ನಗಕ್ ಸುರು ಮಾಡಿದ್ರು, ಅಪ್ಪ ತಲೆ ತಗ್ಗಿಸ್ಕಂಡು ಒಳಿಕ್ ಓಯ್ತು. ಆಗ ಅವ್ವ ಚೊಂಬು ತಕಂಡು ಓಡ್ತು ನೋಡಿ! ನಮ್ ಅಳೀಮಯ್ಯನ್ನ ನಾನೇ ನಿಲ್ಲುಸ್ಕಂಡೆ, ತಪ್ಪೆಲ್ಲ ನಂದು ಅಂತ ಊರೆಲ್ಲ ಏಳ್ಕಂಡು ಬಂತು. ಒಬ್ಬಟ್ಟು ಬೇಯಿಸಿದ್ದು ನೀವು ಜಗಲಿ ಮ್ಯಾಲೆ ಮಲಗಿದ್ ಮೇಲೆ ಕಣ್ರಿ. ನೀವು ಮೊದ್ಲು ಉಂಡಿದ್ದು ಬರೀ ಮುದ್ದೆ."

ಹೌದು, ಮುದ್ದೆಯೇ. ಅಂದರೆ ಆ ದಿನ ನಮ್ಮಿಬ್ಬರಲ್ಲಿ ಓಡಿದ್ದು ನಮ್ಮ ಅತ್ತೆ. ನನಗೆ ನಿಜವಾಗಿ ನಾಚಿಕೆಯಾಯಿತು. ಹೋಗಿ ಕೈಮುಗಿದು, ಎಲ್ಲವೂ ತಿಳಿಯಿತು ಎಂದು ಹೇಳಿಬಿಡಬೇಕೆಂದು ಮುಂದಿನ ಭಾನುವಾರವೇ ಕಾಮಗೆರೆಗೆ ಹೋದೆ. ಅತ್ತೆ ಎಂದಿನಂತೆ ಚೊಂಬು ಹಿಡಿದು ಬಂದರು. ನನ್ನ ಕಣ್ಣು ತುಂಬಿಬಂತು. ಬಾಯಿ ತೆರೆಯುವಷ್ಟರಲ್ಲಿ ಅವರು ಪಕ್ಕದ ಮನೆಯ ಹೊಸ ಸೊಸೆಯ ಕಡೆಗೆ ತಿರುಗಿ, "ಇವ್ರೇ ಕಣವ್ವ ನಮ್ ಅಳೀಮಯ್ಯ. ಆವತ್ತು ನಾನ್ ಅಡ್ಡ ನಿಂತ್ಕಳ್ದಿದ್ರೆ ಇವ್ರೇ ಫಸ್ಟು" ಎಂದರು.

ಆ ಹುಡುಗಿ ಗೌರವದಿಂದ ನನ್ನ ಕಾಲುಗಳನ್ನು ನೋಡಿದಳು. ನಾನೇನು ಮಾಡಲಿ? ಅವಸರಪಡಬಾರದೆಂದು, ನಿಧಾನವಾಗಿ ಹೌದೆಂದು ತಲೆಯಾಡಿಸಿದೆ.